ಹನ್ನೊಂದು ಹೆಬ್ಬೆಟ್ಟು

"ಒತ್ತಿ ಎತ್ತು ಅಣ್ಣ, ಉಜ್ಜಬೇಡ," ಎಂದು ಸರಸ ಚಿನ್ನಯ್ಯನ ಕೈ ಹಿಡಿದು ಕಾಗದದ ಮೇಲೆ ತಂದಿಟ್ಟಳು. ಅವನು ಹೆಬ್ಬೆರಳು ಎತ್ತಿದಾಗ ಅಲ್ಲಿ ಉಳಿದದ್ದು ನೀಲಿ ಶಾಯಿಯ ಒಂದು ಮುದ್ದೆ. ಗೆರೆ ಎಂಬುದೇ ಮೂಡಿರಲಿಲ್ಲ. ಮೂವತ್ತು ವರ್ಷ ನೇಗಿಲು ಹಿಡಿದ ಬೆರಳಿನಲ್ಲಿ ಗೆರೆ ಎಲ್ಲಿಂದ ಬರಬೇಕು? ನಾಲ್ಕನೇ ಕ್ಲಾಸಿನವರೆಗೆ ಓದಿದ್ದ ಸರಸ ಅದರ ಪಕ್ಕದಲ್ಲಿ ಅಣ್ಣನ ಹೆಸರನ್ನು ಉರುಟಾಗಿ ಬರೆದು ಊದಿ ಒಣಗಿಸಿದಳು. ಅಲ್ಲಿಗೆ ಹನ್ನೊಂದು ಆಯಿತು.

"ಈ ಕಾಗದ ಎಲ್ಲಿಗೆ ಹೋಗ್ತದೆ?" ಚಿನ್ನಯ್ಯ ಮೂರನೆಯ ಸಲ ಕೇಳಿದ.

"ನಿತ್ಯಣ್ಣನ ಚೀಲಕ್ಕೆ."

"ಚೀಲದಿಂದ?"

"ಚೀಲದಿಂದ ಎಲ್ಲಿಗೂ ಇಲ್ಲ. ಒಕ್ಕಲುಗಳ ಸಂಘ ಮಾಡಲಿಕ್ಕೆ ಹನ್ನೊಂದು ಜನ ಬೇಕಂತೆ. ಪಕ್ಷದ ಆಫೀಸಿನಲ್ಲಿ ತೋರಿಸಲಿಕ್ಕೆ, ಅಷ್ಟೇ. ಗುತ್ತಿನವರ ಕಣ್ಣಿಗೆ ಬೀಳುವುದಿಲ್ಲ ಅಂತ ಅವರೇ ನನ್ನ ಹತ್ತಿರ ಹೇಳಿದ್ದಾರೆ. ನಿನಗೇನು, ನಂಬಿಕೆ ಇಲ್ಲವಾ?"

"ಅವರನ್ನು ನನಗೆ ಗೊತ್ತಿಲ್ಲ. ನಿನ್ನ ಮೇಲೆ ಉಂಟು," ಎಂದು ಚಿನ್ನಯ್ಯ ಬೆರಳನ್ನು ಉಟ್ಟ ಮುಂಡಿಗೆ ಒರಸಿಕೊಂಡ.

ಬಾಗಿಲ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದ ಅವನ ಹೆಂಡತಿ ಪದ್ಮಾಕ್ಷಿ ತಲೆ ಎತ್ತಲಿಲ್ಲ. "ಅವರಿಗೆ ಬಂಟ್ವಾಳ ಉಂಟು. ನಮಗೆ ಈ ಗದ್ದೆ ಬಿಟ್ಟರೆ ಏನುಂಟು?" ಎಂದು ಅಕ್ಕಿಯೊಡನೆ ಹೇಳಿದಳು.

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವೇಣೂರು ಪೇಟೆಯಿಂದ ಎರಡು ಮೈಲಿ ಒಳಗಿದ್ದ ಆ ಗದ್ದೆಯೂ ಚಿನ್ನಯ್ಯನದಲ್ಲ, ಊರಿನ ದೊಡ್ಡ ಜಮೀನುದಾರರಾದ ಗುತ್ತಿನ ಮನೆಯ ಧಣಿಗಳದು. ಚಾಲಗೇಣಿ ಎಂದರೆ ಒಂದು ವರ್ಷದ ಮಾತು. ಎಪ್ರಿಲಿನಲ್ಲಿ ತುಳುವರ ಹೊಸ ವರ್ಷ ಬಿಸು ಬರುತ್ತದಲ್ಲ, ಆ ದಿನ ಒಕ್ಕಲುಗಳು ತಾವು ಬೆಳೆದ ಸೌತೆಕಾಯಿ ಹೊತ್ತುಕೊಂಡು ಗುತ್ತಿನ ಅಂಗಳಕ್ಕೆ ಹೋಗಬೇಕು. ಧಣಿಗಳು ಅದನ್ನು ಒಳಗೆ ತೆಗೆದುಕೊಂಡರೆ ಇನ್ನೊಂದು ವರ್ಷ ಗದ್ದೆ ನಿನ್ನದು. ಕಾಗದವಿಲ್ಲ, ರಶೀದಿಯಿಲ್ಲ. ಚಿನ್ನಯ್ಯನ ಸೋದರಮಾವ ಹೊತ್ತಿದ್ದ, ಈಗ ಚಿನ್ನಯ್ಯ ಹೊರುತ್ತಿದ್ದ, ಮುಂದೆ, ಮಾವನದು ಸೋದರಳಿಯನಿಗೆ ಎಂಬ ಅಳಿಯಕಟ್ಟಿನ ಪ್ರಕಾರ, ಸರಸನ ಮಗ ಹೊರಬೇಕು. ಗದ್ದೆ ಹೋದರೆ ಅಣ್ಣನದು ಮಾತ್ರ ಹೋಗುವುದಲ್ಲ ಎಂದು ಸರಸನಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳು ಶಾಯಿಯ ಡಬ್ಬಿ ಹಿಡಿದುಕೊಂಡು ಬಂಟ್ವಾಳದಿಂದ ಬಂದು ಮನೆ ಮನೆ ತಿರುಗಿದ್ದಳು, ಯಾಕೆಂದರೆ ಅವಳು ನಿತ್ಯಣ್ಣನನ್ನು ನಂಬಿದ್ದಳು.

ನಿತ್ಯಾನಂದ ಬಂಟ್ವಾಳದ ಬೀಡಿ ಕಾರ್ಮಿಕರ ಸಂಘದ ಕಾರ್ಯದರ್ಶಿ; ಹಂಚಿನ ಕಾರ್ಖಾನೆಯವರ ಪರವಾಗಿ ಮಾತಾಡುವವರೂ ಅವರೇ. ಮೆಟ್ರಿಕ್ ಮುಗಿಸಿ, ಕೈಗೆ ಬಂದ ಗುಮಾಸ್ತೆ ಕೆಲಸ ಬಿಟ್ಟು ಕೆಂಪು ಬಾವುಟ ಹಿಡಿದವರು. ಪೇಟೆಯಲ್ಲಿ ನಿತ್ಯಾನಂದ ಎಂದರೆ ಯಾರು ಎಂದು ಕೇಳಬಹುದು; ನಿತ್ಯಣ್ಣ ಎಂದರೆ ಹೊಳೆಯಾಚೆ ಪಾಣೆಮಂಗಳೂರಿನಲ್ಲಿಯೂ ದಾರಿ ತೋರಿಸುತ್ತಿದ್ದರು. ಯಾರ ಮನೆಗೆ ಹೋದರೂ ಅವರು ಬೆಂಚಿನ ಮೇಲೆ ಕೂರುವವರಲ್ಲ. ಹೆಂಗಸರು ಬೀಡಿ ಕಟ್ಟುವ ಚಾಪೆಯ ತುದಿಯಲ್ಲಿ ಕೂತು, ಯಾರದ್ದಾದರೂ ಗೆರಸೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಮಾತಾಡುತ್ತಾ ಮಾತಾಡುತ್ತಾ ತಾವೂ ಎರಡು ಬೀಡಿ ಸುತ್ತುತ್ತಿದ್ದರು. ಸುತ್ತಿದ್ದೆಲ್ಲ ಹೊಟ್ಟೆ ಉಬ್ಬಿದ ಬೀಡಿ. ಅವರು ಎದ್ದು ಹೋದ ಮೇಲೆ ಪಕ್ಕದ ಮನೆಯ ರುಖಿಯಮ್ಮ ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತಿತ್ತು. "ನಮ್ಮ ಲೀಡರಿಗೆ ಬಾಯಿ ಉಂಟು, ಬೆರಳು ಇಲ್ಲ," ಎಂದು ಅವಳು ನಗುತ್ತಿದ್ದಳು. ನಗುವಾಗ ಆ ನಗುವಿನಲ್ಲಿ ಎಷ್ಟು ಅಭಿಮಾನ ಇತ್ತೆಂದರೆ, ಯಾರಾದರೂ ಹೊರಗಿನವರು ಅದೇ ಮಾತು ಹೇಳಿದ್ದರೆ ರುಖಿಯಮ್ಮ ಅವರನ್ನು ಮೆಟ್ಟಿಲು ಇಳಿಸುತ್ತಿದ್ದಳು.

ಮೊದಲ ಸಲ ಅವರು ಮನೆಗೆ ಬಂದಾಗ ಸರಸ ಪದ್ಧತಿಯಂತೆ ತಟ್ಟೆಯಲ್ಲಿ ಬೆಲ್ಲದ ಚೂರು, ಚೆಂಬಿನಲ್ಲಿ ನೀರು ತಂದಿಟ್ಟಿದ್ದಳು. ನಿತ್ಯಣ್ಣ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಬೆಲ್ಲ ನೀರು ನೆಂಟರಿಗೆ ಕೊಡುವುದು ಸರಸಕ್ಕ. ನಾನು ನೆಂಟನಾ? ಗಂಜಿ ಉಂಟಾ, ಹೇಳಿ." ಗಂಡ ಬೊಂಬಾಯಿಯ ಹೋಟೆಲಿಗೆ ಹೋಗಿ ಮೂರು ತಿಂಗಳಿಗೊಮ್ಮೆ ಕಾಗದ ಹಾಕುತ್ತಿದ್ದ ಕಾಲ ಅದು. ಮನೆಗೆ ಬಂದ ಗಂಡಸೊಬ್ಬ ತಾನು ನೆಂಟನಲ್ಲ ಎಂದು ಹೇಳಿ ಗಂಜಿ ಉಂಡು, ಉಂಡ ಬಟ್ಟಲನ್ನು ತಾನೇ ತೊಳೆದಿಟ್ಟು ಹೋದದ್ದು ಸರಸನಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗೆ ಆಗಿತ್ತು.

ಆಮೇಲೆ ಬೀಡಿ ಕಂಪನಿಯ ಬ್ರಾಂಚಿನ ಸಂಗತಿ. ಎಲೆ, ತಂಬಾಕು ಕೊಟ್ಟು ಬೀಡಿ ತೆಗೆದುಕೊಳ್ಳುವ ಕಂಟ್ರಾಕ್ಟರ ಸಾವಿರದಲ್ಲಿ ಇನ್ನೂರು ಬೀಡಿಯನ್ನು ಸರಿಯಿಲ್ಲವೆಂದು ಆರಿಸಿ ತೆಗೆಯುತ್ತಿದ್ದ. ತೆಗೆದದ್ದಕ್ಕೆ ಮಜೂರಿಯೂ ಇಲ್ಲ, ಬೀಡಿಯೂ ವಾಪಸು ಇಲ್ಲ. ನಿತ್ಯಣ್ಣ ಹದಿನೈದು ಹೆಂಗಸರ ಹೆಸರು ಬರೆದ ಪಟ್ಟಿ ಹಿಡಿದು ನೇರ ಅವನ ರೂಮಿಗೆ ಹೋಗಿ, ಅವನೆದುರು ಕುರ್ಚಿ ಎಳೆದು ಕೂತು, ಪಟ್ಟಿಯನ್ನು ಮೇಜಿನ ಮೇಲೆ ಇಟ್ಟರು. ಮೊದಲ ಹೆಸರು ಸರಸನದು. ಹೊರಗೆ ನಿಂತಿದ್ದ ಅವಳು ಇನ್ನು ಎಲೆ ಸಿಗುವುದಿಲ್ಲ ಎಂದುಕೊಂಡಳು. ಆದರೆ ಮುಂದಿನ ಸೋಮವಾರ ಬೀಡಿ ಕೊಡಲು ಹೋದಾಗ, ಅಷ್ಟು ವರ್ಷ "ಏ ಸರಸ" ಎನ್ನುತ್ತಿದ್ದ ಕಂಟ್ರಾಕ್ಟರ "ಸರಸಕ್ಕ" ಎಂದು ಕರೆದ. "ನೋಡಿದಿರಾ, ಹೆಸರು ಅಡಗಿಸಿಟ್ಟರೆ ಒಬ್ಬೊಬ್ಬರನ್ನೇ ಹಿಸುಕ್ತಾರೆ. ಎದುರಿಗೆ ಇಟ್ಟರೆ ಮುಟ್ಟಲಿಕ್ಕೆ ಹೆದರ್ತಾರೆ," ಎಂದಿದ್ದರು ನಿತ್ಯಣ್ಣ.

ಅಂಥವರಿಗೆ ಪಕ್ಷದ ಮಂಗಳೂರಿನ ಆಫೀಸಿನಲ್ಲಿ ಯಾರೋ ಒಬ್ಬರು ಚುಚ್ಚಿದರಂತೆ. "ನಿತ್ಯಾನಂದ ಬಂಟ್ವಾಳ ಪೇಟೆಗೆ ಸರಿ. ಮೂಡಬಿದಿರೆ ದಾಟಿದರೆ ಇವರನ್ನು ಮೂಸುವವರಿಲ್ಲ." ನಿತ್ಯಣ್ಣನಿಗೆ ಅದು ನಾಟಿತು. ಅರುವತ್ತೆರಡರ ಚುನಾವಣೆಗೆ, ವೇಣೂರು ಸೇರಿದ್ದ ಬೆಳ್ತಂಗಡಿಯಿಂದ ತಾನೇ ನಿಲ್ಲುತ್ತೇನೆ ಎಂದು ಹೇಳಿಬಂದರು. ಅಲ್ಲಿ ಗುತ್ತಿನ ಮನೆಗಳಿದ್ದಲ್ಲಿ ಒಕ್ಕಲುಗಳೂ ಇದ್ದಾರೆ, ಒಕ್ಕಲುಗಳೆಂದರೆ ಬೀಡಿ ಕಟ್ಟುವವರಿಗಿಂತ ಹೆಚ್ಚು ನೊಂದವರು, ಮಾತಾಡುವುದು ಇದೇ ತುಳು. ಇಲ್ಲಿ ಆದದ್ದು ಅಲ್ಲಿ ಯಾಕೆ ಆಗಬಾರದು? ಹಾಗೆಂದು ಲೆಕ್ಕ ಹಾಕಿ, ವೇಣೂರು ಕಡೆಯ ಹೆಣ್ಣು ಎಂದು ಸರಸನನ್ನು ಕರೆದು ಪಟ್ಟಿ ಮಾಡಿಕೊಡಲು ಕೇಳಿದರು.

ಸರಸ ಅಂದು ಎರಡು ಮಾತು ಕೇಳಿದ್ದಳು. ಪಟ್ಟಿ ಗುತ್ತಿನವರಿಗೆ ಕಾಣಬಾರದು. ನಾಳೆ ಏನಾದರೂ ಬಂದರೆ ಅಣ್ಣನ ಕೈ ಬಿಡಬಾರದು.

"ನನ್ನ ಚೀಲ ಬಿಟ್ಟು ಹೋಗುವುದಿಲ್ಲ ಸರಸಕ್ಕ," ಎಂದಿದ್ದರು ನಿತ್ಯಣ್ಣ, ಗಂಜಿಯ ಬಟ್ಟಲು ಕೈಯಲ್ಲಿ ಹಿಡಿದುಕೊಂಡು. "ಏನಾದರೂ ಬಂದರೆ ನಾನೇ ಹೋಗಿ ಅವರ ಅಂಗಳದಲ್ಲಿ ನಿಲ್ತೇನೆ. ಇದು ನನ್ನ ಮಾತು."

ವೇಣೂರಿನಲ್ಲಿ ಪ್ರಚಾರ ಶುರುವಾದಾಗ ಜನ ಸೇರಿದರು, ಇಲ್ಲವೆನ್ನುವ ಹಾಗಿಲ್ಲ. ಅಂಗಡಿಯ ಮಾಡಿನ ಕೆಳಗೆ, ಬಸ್ಸು ನಿಲ್ಲುವ ಮರದ ಹಿಂದೆ ನಿಂತು ಕೇಳಿದರು. ನಿತ್ಯಣ್ಣ ತುಳುವಿನಲ್ಲಿ ಧಣಿಗಳ ನಡಿಗೆಯನ್ನು ಅಣಕಿಸಿದಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಆದರೆ ಮನೆಗಳಿಗೆ ಹೋದಾಗ ಏನೋ ಕೂಡಿಬರುತ್ತಿರಲಿಲ್ಲ. ನಿತ್ಯಣ್ಣ ನೆಲದಲ್ಲಿ ಕೂತರೆ ಮನೆಯವರು ಗಾಬರಿಯಾಗಿ ಎದ್ದು ನಿಲ್ಲುತ್ತಿದ್ದರು. ಗಂಜಿ ಕೇಳಿದರೆ ಹೆಂಗಸರು ಒಳಗೊಳಗೆ ಗುಸುಗುಸು ಮಾತಾಡಿ, ಇದ್ದ ಗಂಜಿಯನ್ನು ಬಡಿಸಲು ನಾಚಿ, ಪಕ್ಕದ ಮನೆಗೆ ಮೊಸರು ಹುಡುಕಿಕೊಂಡು ಹೋಗುತ್ತಿದ್ದರು. ಬಂಟ್ವಾಳದಲ್ಲಿ ಜನರನ್ನು ಗೆದ್ದ ಅದೇ ನೆಲ, ಅದೇ ಗಂಜಿ ಇಲ್ಲಿ ಜನರಿಗೆ ಮುಜುಗರ ತರುತ್ತಿತ್ತು.

ಪಟ್ಟಿಗೆ ಹೆಬ್ಬೆಟ್ಟು ಒತ್ತಿದವರಲ್ಲಿ ಒಬ್ಬಳಾದ ಮುದುಕಿ ಸೇಸಮ್ಮ ಬಾಯಿಬಿಟ್ಟು ಹೇಳಿಯೇ ಬಿಟ್ಟಳು. "ನಮ್ಮ ಹಾಗೆ ನೆಲದಲ್ಲಿ ಕೂತುಕೊಳ್ಳುವವರು ನಮಗೆ ಯಾಕೆ ಮಗಾ? ನಾವೇ ಇದ್ದೇವಲ್ಲ. ಗುತ್ತಿನ ಚಾವಡಿಯಲ್ಲಿ ಕೂತು ಮಾತಾಡುವ ತಾಕತ್ತಿನವರು ಇದ್ದರೆ ಹೇಳಿ."

ನಿತ್ಯಣ್ಣ ಜೋರಾಗಿ ನಕ್ಕರು. "ಅಷ್ಟೇ ಅಲ್ಲವಾ ಅಮ್ಮ? ಹೋಗುವ. ಈಗಲೇ ಹೋಗುವ," ಎಂದು ಎದ್ದರು.

ಸರಸ, ಚಿನ್ನಯ್ಯ, ಇನ್ನೂ ಏಳೆಂಟು ಜನ ಹಿಂದೆ ಹೋದರು. ಗುತ್ತಿನ ಮನೆಯ ಅಂಗಳ ಮುಟ್ಟಿದ ಕೂಡಲೇ ಗಂಡಸರ ತಲೆಯ ಮುಟ್ಟಾಳೆಗಳು ತಾವಾಗಿ ಕೈಗೆ ಬಂದವು. ನಿತ್ಯಣ್ಣ ಮಾತ್ರ ಚಪ್ಪಲಿ ಬಿಟ್ಟು, ಬ್ರಾಂಚಿನ ರೂಮಿಗೆ ಹೋದ ಹಾಗೆ, ಮೆಟ್ಟಿಲು ಹತ್ತಿ ಹೋದರು. ಧಣಿಗಳು ಜಗಳಕ್ಕೇ ಬರುತ್ತಾರೆ ಎಂದುಕೊಂಡಿದ್ದ ಸರಸನಿಗೆ ಅವರು ಎದ್ದು ನಿಂತು ಕೈ ಮುಗಿದದ್ದು ಕಂಡು ಇನ್ನೂ ಹೆದರಿಕೆಯಾಯಿತು.

"ಬನ್ನಿ, ಕೂತುಕೊಳ್ಳಿ. ನಿಮ್ಮ ಬಗ್ಗೆ ಕೇಳಿದ್ದೇನೆ. ಬಂಟ್ವಾಳದಿಂದ ಇಷ್ಟು ದೂರ ಬಂದಿದ್ದೀರಿ," ಎಂದು ಧಣಿಗಳು ಒಳಗೆ ನೋಡಿದರು. ಹಿತ್ತಾಳೆಯ ಹರಿವಾಣದಲ್ಲಿ ಬೆಲ್ಲವೂ ಚೆಂಬಿನಲ್ಲಿ ನೀರೂ ಬಂದವು. ನಿತ್ಯಣ್ಣ ಬೆಲ್ಲದ ಚೂರನ್ನು ಬಾಯಿಗೆ ಹಾಕಿ, ಚೆಂಬು ಎತ್ತಿ, ಗಟಗಟನೆ ನೀರು ಕುಡಿದರು. ಅಂಗಳದಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ಆ ಚಾವಡಿಯಲ್ಲಿ ಬೆಲ್ಲ ನೀರು ಕುಡಿದವನು ಆ ಮನೆಯ ನೆಂಟ. ನೆಂಟನಾದವನು ಮನೆಯವರ ವಿರುದ್ಧ ಮಾತಾಡುವುದು ಆ ಊರಿನಲ್ಲಿ ಹಿಂದೆಂದೂ ನಡೆದದ್ದಿಲ್ಲ.

ನಿತ್ಯಣ್ಣ ಮಾತೇನೋ ಚೆನ್ನಾಗಿಯೇ ಆಡಿದರು. ಗೇಣಿ ಅಕ್ಕಿಯಲ್ಲಿ ಕಾಲಂಶ ಇಳಿಸಬೇಕು, ಕೊಟ್ಟದ್ದಕ್ಕೆ ರಶೀದಿ ಕೊಡಬೇಕು, ಬಿಸುವಿನ ದಿನ ಯಾರನ್ನೂ ಬಿಡಿಸಬಾರದು. ಧಣಿಗಳು ಪ್ರತಿಯೊಂದಕ್ಕೂ ತಲೆಯಾಡಿಸಿದರು.

"ಆಗಲಿ, ಯೋಚನೆ ಮಾಡುವ. ರಶೀದಿ ಯಾರಿಗೆಲ್ಲ ಬೇಕಂತೆ? ನನ್ನ ಹತ್ತಿರ ಈವರೆಗೆ ಯಾರೂ ಕೇಳಿದ್ದಿಲ್ಲವಲ್ಲ?"

ನಿತ್ಯಣ್ಣನ ಕೈ ಹೆಗಲ ಚೀಲದೊಳಗೆ ಹೋಯಿತು.

"ನಿತ್ಯಣ್ಣ," ಎಂದಳು ಸರಸ. ಅಂಗಳದಿಂದ ಚಾವಡಿಗೆ ಹೆಂಗಸೊಬ್ಬಳ ದನಿ ಹೋದದ್ದಕ್ಕೆ ಗುತ್ತಿನ ಪಾರುಪತ್ಯಗಾರ ಸಂಕಪ್ಪ ತಿರುಗಿ ನೋಡಿದ. ನಿತ್ಯಣ್ಣನೂ ನೋಡಿದರು. ನೋಡಿ, ಹೆದರಬೇಡಿ ಎಂಬಂತೆ ಕಣ್ಣು ಮುಚ್ಚಿ ತೆರೆದು, ಪಟ್ಟಿಯನ್ನು ಧಣಿಗಳ ಮುಂದೆ ಬಿಡಿಸಿಟ್ಟರು.

ಧಣಿಗಳು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. "ಅಕ್ಷರ ಚಂದ ಉಂಟು," ಎಂದರು. ಮಡಿಸಿ ಎಲೆ ಅಡಿಕೆಯ ಪೆಟ್ಟಿಗೆಯ ಕೆಳಗೆ ಇಟ್ಟರು. "ಇದು ಇಲ್ಲೇ ಇರಲಿ. ನನಗೂ ನೆನಪಿಗೆ ಬೇಕಲ್ಲ." ನಿತ್ಯಣ್ಣ ಅವರು ಕೊಟ್ಟ ವೀಳ್ಯ ತೆಗೆದುಕೊಂಡು, ಗೆದ್ದವರ ಹಾಗೆ ಮೆಟ್ಟಿಲು ಇಳಿದರು.

ಗದ್ದೆಯ ಹುಣಿಯ ಮೇಲೆ, ಬದುಗುಂಟ ನಡೆದು ಎಲ್ಲರೂ ಚದುರಿ ಹೋದರು. ಉಳಿದದ್ದು ಅಣ್ಣ ತಂಗಿ ಮತ್ತು ಬಾಯಿತುಂಬ ವೀಳ್ಯ ಜಗಿಯುತ್ತಿದ್ದ ನಿತ್ಯಣ್ಣ. ಸರಸ ಅವರ ಎದುರು ಬಂದು ನಿಂತಳು.

"ಕೊಡುವುದಿಲ್ಲ ಅಂತ ನನ್ನ ಹತ್ತಿರ ಮಾತು ಕೊಟ್ಟಿದ್ದಿರಿ."

"ಸರಸಕ್ಕ, ಒಂದು ಹೊತ್ತು ಬರ್ತದೆ, ಆಗ ಧೈರ್ಯ ತೋರಿಸಬೇಕು. ಬ್ರಾಂಚಿನಲ್ಲಿ ನಿಮ್ಮ ಹೆಸರು ಇಟ್ಟದ್ದು ಮರೆತುಹೋಯಿತಾ? ಏನಾಯಿತು ನಿಮಗೆ?"

"ಅದು ಬ್ರಾಂಚು. ಅಲ್ಲಿ ಎಲೆ ಕೊಡದಿದ್ದರೆ ಇನ್ನೊಂದು ಬ್ರಾಂಚಿನಲ್ಲಿ ಕೊಡ್ತಾರೆ. ಇಲ್ಲಿ ಇನ್ನೊಂದು ಗದ್ದೆ ಎಲ್ಲಿ ಉಂಟು ನಿತ್ಯಣ್ಣ? ಈ ಹುಣಿಯಿಂದ ಆ ಗುಡ್ಡೆಯವರೆಗೆ ಎಲ್ಲ ಅವರದ್ದೇ."

ನಿತ್ಯಣ್ಣ ಗದ್ದೆಯ ಕಡೆಗೆ ನೋಡಿದರು. ಅದನ್ನು ಆಗಷ್ಟೇ ಕಂಡವರಂತೆ ಗುಡ್ಡೆಯವರೆಗೂ ಕಣ್ಣು ಹಾಯಿಸಿದರು. ಆಮೇಲೆ "ಚುನಾವಣೆ ಗೆದ್ದರೆ ಎಲ್ಲ ಸರಿಯಾಗ್ತದೆ," ಎಂದು ಬಸ್ಸಿನ ಹೊತ್ತು ಕೇಳಿದರು.

ಚುನಾವಣೆಗೆ ಇನ್ನೂ ಎಂಟು ದಿನ ಇತ್ತು. ಸಂಕಪ್ಪ ಯಾರ ಮನೆಗೂ ಹೋಗಿ ಬೆದರಿಸಲಿಲ್ಲ. ಪಟ್ಟಿಯಲ್ಲಿದ್ದವರನ್ನು ದಿನಕ್ಕೆ ಇಬ್ಬರಂತೆ ಬರಹೇಳಿ, ಅಂಗಳದಲ್ಲಿ ನಿಲ್ಲಿಸಿ, ಅವರವರ ಹೆಬ್ಬೆಟ್ಟನ್ನು ಅವರವರಿಗೆ ತೋರಿಸಿದ, ಅಷ್ಟೇ. ಸೇಸಮ್ಮ ಮೊದಲ ದಿನವೇ ಅತ್ತಳು. "ನನಗೇನು ಗೊತ್ತು ಧಣಿಗಳೇ, ಚಿನ್ನಯ್ಯನ ತಂಗಿ ಬಂದು ಕೈ ಹಿಡಿದು ಒತ್ತಿಸಿದಳು." ಆ ಮಾತು ಎಲ್ಲರಿಗೂ ಒಂದು ದಾರಿಯಾಯಿತು. ಹತ್ತು ಜನ ಹೋಗಿ ಅದೇ ಮಾತು ಹೇಳಿದರು, ಹತ್ತು ಜನರಿಗೂ ಮಾಫಿ ಸಿಕ್ಕಿತು.

ಹನ್ನೊಂದನೆಯವನು ಹೋಗಲಿಲ್ಲ. ಪದ್ಮಾಕ್ಷಿ ಕಾಲು ಹಿಡಿದಳು. "ನೀವೂ ಹೇಳಿ ಬನ್ನಿ. ಒಂದು ಮಾತು, ಬಾಯಿಗೆ ಮುಳ್ಳು ಚುಚ್ಚುತ್ತದಾ? ಸರಸನಿಗೆ ಇಲ್ಲಿಂದ ಕೇಳ್ತದಾ?"

"ಎಲ್ಲರೂ ಅವಳ ಹೆಸರು ಹೇಳಿ ಆಯಿತಲ್ಲ, ನಾನೂ ಹೇಳಬೇಕಾ? ನನ್ನ ತಂಗಿ ನನಗೆ ಮೋಸ ಮಾಡಿದಳು ಅಂತ ಅವರ ಅಂಗಳದಲ್ಲಿ ನಿಂತು ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ," ಎಂದ ಚಿನ್ನಯ್ಯ.

ಬೆಳ್ತಂಗಡಿಯಲ್ಲಿ ಓಟು ಎಣಿಸಿದಾಗ ಚಿನ್ನಯ್ಯನ ಊರಿನ ಶಾಲೆಯ ಪೆಟ್ಟಿಗೆಯಲ್ಲಿ ನಿತ್ಯಣ್ಣನಿಗೆ ಸಿಕ್ಕಿದ್ದು ನಾಲ್ಕು ಓಟು. ಉಳಿದ ಕಡೆಯೂ ಹೇಳಿಕೊಳ್ಳುವಂತೆ ಏನಿರಲಿಲ್ಲ. ಠೇವಣಿಯೂ ಹೋಯಿತು. ಮರುದಿನ ಬಂಟ್ವಾಳದ ಸಂಘದ ಆಫೀಸಿನಲ್ಲಿ ಸಭೆ ಸೇರಿತು. ನಿತ್ಯಣ್ಣನ ಕಣ್ಣು ಕೆಂಪಾಗಿತ್ತು, ದನಿ ಒಡೆದಿತ್ತು. ಅವರನ್ನು ಹಾಗೆ ಕಂಡು ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಂಡರು.

"ಹನ್ನೊಂದು ಜನ ಹೆಬ್ಬೆಟ್ಟು ಒತ್ತಿದ್ದರು. ಅವರ ಮನೆಯವರು ಬೇರೆ. ಸಿಕ್ಕಿದ್ದು ನಾಲ್ಕು," ಎಂದು ಅವರು ನಾಲ್ಕು ಬೆರಳು ಎತ್ತಿ ತೋರಿಸಿದರು. "ನಂಬಿ ಹೋದೆ. ಕೈ ಕೊಟ್ಟರು. ಒಂದು ಚೂರು ಗದ್ದೆಗೋಸ್ಕರ ತಮ್ಮನ್ನೇ ಮಾರಿಕೊಳ್ಳುವ ಜನ. ನೀವು ಹಾಗಲ್ಲ. ನೀವು ನನ್ನನ್ನು ಎಂದೂ ಬಿಡಲಿಲ್ಲ."

ಎಲ್ಲರ ಕಣ್ಣು ಸರಸನ ಕಡೆಗೆ ತಿರುಗಿತು, ಆ ಊರಿನವಳು ಅವಳೊಬ್ಬಳೇ ಇದ್ದದ್ದು. ನಾಲ್ಕರಲ್ಲಿ ಒಂದು ಯಾರದು ಎಂದು ಅವಳಿಗೆ ಗೊತ್ತಿತ್ತು. ಎದ್ದು ಹೇಳಿಬಿಡುವ ಎಂದು ಬಾಯಿಯವರೆಗೆ ಬಂತು. ಆದರೆ ರುಖಿಯಮ್ಮ ಕೂಡ "ಎಂಥ ಜನವೋ" ಎಂದು ಮೂಗು ಒರಸಿಕೊಂಡದ್ದು ಕಂಡು, ಸರಸ ತಲೆ ತಗ್ಗಿಸಿ ಕೂತಳು.

ಬಿಸು ಕಳೆದು ಮೂರನೆಯ ದಿನ ಚಿನ್ನಯ್ಯ ಬಂಟ್ವಾಳಕ್ಕೆ ಬಂದ. ಹೆಗಲ ಮೇಲೆ ಗೋಣಿಚೀಲ. ಚೀಲದ ತುಂಬ ಸೌತೆಕಾಯಿ. ಸರಸ ಅದನ್ನು ನೋಡಿದ ಕೂಡಲೇ ಕೈಯಲ್ಲಿದ್ದ ಬೀಡಿ ಎಲೆಯನ್ನು ಗೆರಸೆಯಲ್ಲಿ ಇಟ್ಟಳು.

"ತೆಗೆದುಕೊಳ್ಳಲಿಲ್ಲವಾ?"

"ಅಂಗಳದಲ್ಲಿ ಇಟ್ಟು ಮಧ್ಯಾಹ್ನದವರೆಗೆ ನಿಂತೆ. ಎಲ್ಲರದ್ದೂ ಒಳಗೆ ಹೋಯಿತು. ಆಮೇಲೆ ಸಂಕಪ್ಪ ಬಂದು, ಬಿಸಿಲಿಗೆ ಹಾಳಾಗ್ತದೆ, ತೆಗೆದ್ಕೊಂಡು ಹೋಗು ಅಂದ." ಚಿನ್ನಯ್ಯ ನೀರು ಕುಡಿದು ಚೆಂಬು ಕೆಳಗಿಟ್ಟ. "ಒಂದು ಕಾಗದ ಮಾಡಿಸಿದ್ದಾರೆ. ಸ್ವಂತ ಇಚ್ಛೆಯಿಂದ ಗದ್ದೆ ಬಿಟ್ಟುಕೊಟ್ಟದ್ದು ಅಂತ. ಶುಕ್ರವಾರ ಹೆಬ್ಬೆಟ್ಟು ಒತ್ತಬೇಕಂತೆ. ಒತ್ತಿದರೆ ಕೋಣಗಳನ್ನು ಬಿಡ್ತಾರೆ, ಇಲ್ಲದಿದ್ದರೆ ಹಳೆ ಬಾಕಿಗೆ ಅಂತ ಅದನ್ನೂ ಹಿಡೀತಾರೆ. ನಿತ್ಯಣ್ಣ ಬರ್ತೇನೆ ಅಂದಿದ್ದರಲ್ಲ, ಅಂಗಳದಲ್ಲಿ ನಿಲ್ತೇನೆ ಅಂತ. ಅವರು ಒಬ್ಬರು ಬಂದು ನಿಂತರೆ ನಾನು ಒತ್ತುವುದಿಲ್ಲ ಅಂತ ಹೇಳ್ತೇನೆ. ಹೇಳುವ ಧೈರ್ಯ ನನಗೆ ಉಂಟು. ಒಬ್ಬನೇ ಇದ್ದರೆ ಮಾತ್ರ ಆಗುವುದಿಲ್ಲ."

ಸರಸ ಉಟ್ಟ ಸೀರೆಯಲ್ಲೇ ಸಂಘದ ಆಫೀಸಿಗೆ ಓಡಿದಳು. ನಿತ್ಯಣ್ಣ ಹಂಚಿನ ಕಾರ್ಖಾನೆಯ ನಾಲ್ಕು ಜನರೊಡನೆ ಮೇಜಿಗೆ ಬಗ್ಗಿ ಏನೋ ಬರೆಯುತ್ತಿದ್ದರು. ಅವಳನ್ನು ಪಕ್ಕಕ್ಕೆ ಕರೆದು ಪೂರ್ತಿ ಕೇಳಿಸಿಕೊಂಡರು. ಕೇಳುವಾಗ ಅವರ ಮುಖದಲ್ಲಿ ನಿಜವಾಗಿಯೂ ಸಂಕಟ ಇತ್ತು. ಅದನ್ನು ಸರಸ ಮುಂದೆಯೂ ಸುಳ್ಳೆಂದು ಹೇಳಲಿಲ್ಲ.

"ಶುಕ್ರವಾರ," ಎಂದರು ನಿತ್ಯಣ್ಣ. "ಶುಕ್ರವಾರ ಕಾರ್ಖಾನೆಯ ಬೋನಸ್ಸಿನ ಮಾತುಕತೆ ಉಂಟು ಸರಸಕ್ಕ. ನಾನೂರು ಜನರ ಹೊಟ್ಟೆಯ ಪ್ರಶ್ನೆ."

"ಬೆಳಗ್ಗಿನ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನ ಬರಬಹುದು. ನೀವು ಮಾತಾಡುವುದೂ ಬೇಡ. ಅಂಗಳದಲ್ಲಿ ನಿಂತರೆ ಸಾಕು. ನೀವೇ ಹೇಳಿದ್ದು."

"ಹೇಳಿದ್ದೆ. ಆದರೆ ಈಗ ಪಕ್ಷದವರೂ ಹೇಳಿದ್ದಾರೆ, ಬಂಟ್ವಾಳ ಬಿಟ್ಟು ಹೋಗಬೇಡ ಅಂತ. ಅಲ್ಲಿ ನನ್ನ ಮಾತಿಗೆ ಏನು ಬೆಲೆ ಉಂಟು, ನೀವೇ ನೋಡಿದ್ದೀರಲ್ಲ. ನಾಲ್ಕು ಓಟಿನ ಊರಿಗೆ..." ಅವರು ಅಲ್ಲಿಗೆ ನಿಲ್ಲಿಸಿದರು. ನಿಲ್ಲಿಸಿ, ಅವಳ ಮುಖ ನೋಡದೆ, "ನಿಮ್ಮ ಅಣ್ಣನಿಗೆ ಇಲ್ಲಿ ಕೆಲಸ ಕೊಡಿಸ್ತೇನೆ. ಅದು ನನ್ನ ಕೈಯಲ್ಲಿ ಉಂಟು," ಎಂದರು.

ಅದು ಅವರ ಕೈಯಲ್ಲಿ ಇತ್ತು, ಸುಳ್ಳಲ್ಲ. ಶುಕ್ರವಾರ ಚಿನ್ನಯ್ಯ ಒಬ್ಬನೇ ಹೋಗಿ ಹೆಬ್ಬೆಟ್ಟು ಒತ್ತಿ ಬಂದ. ಅದರ ಮುಂದಿನ ವಾರ ನಿತ್ಯಣ್ಣ ಒಂದು ಚೀಟಿ ಬರೆದು ಕಳಿಸಿದರು, ಹಂಚಿನ ಕಾರ್ಖಾನೆಯಲ್ಲಿ ಆವೆ ಮಣ್ಣು ಹೊರುವ ಕೆಲಸ ಸಿಕ್ಕಿತು. ಕೋಣಗಳನ್ನು ಮೂಡಬಿದಿರೆಯಲ್ಲಿ ಮಾರಿ ಪದ್ಮಾಕ್ಷಿಯೂ ಬಂದಳು. ಸರಸನ ಬಾಡಿಗೆಮನೆಯ ಹಿಂದಿನ ಇಳಿಮಾಡಿನ ಚಾಯಿಪಿನಲ್ಲಿ ಗಂಡ ಹೆಂಡತಿ ಉಳಿದರು. ಪದ್ಮಾಕ್ಷಿ ನಾದಿನಿಯನ್ನು ಒಂದು ಮಾತೂ ಬಯ್ಯಲಿಲ್ಲ, ಬೇಕಾದದ್ದು ಬಿಟ್ಟು ಬೇರೆ ಮಾತೂ ಆಡಲಿಲ್ಲ. ಬಿಸುವಿನ ಸೌತೆಕಾಯಿಗಳನ್ನು ಚಿನ್ನಯ್ಯ ತೆಂಗಿನ ಗರಿ ಸೀಳಿ ಕಟ್ಟಿ, ಕೆಡದ ಹಾಗೆ ಮಾಡಿನ ಮರದ ಪಕ್ಕಾಸಿಗೆ ಸಾಲಾಗಿ ತೂಗಿಸಿದ. ದಿನಕ್ಕೊಂದರಂತೆ ಅದು ಸಾರಿಗೆ ಇಳಿಯುತ್ತಾ ಬಂತು.

ಮೇ ತಿಂಗಳ ಕೊನೆಗೆ ಒಂದು ಸಂಜೆ ನಿತ್ಯಣ್ಣ ಬಂದರು. ಪೇಟೆಯ ಪಂಚಾಯತಿಗೆ ಚುನಾವಣೆ ಹತ್ತಿರ ಬಂದಿತ್ತು. ದಾರಿಯುದ್ದ ಜನ ಅವರನ್ನು ನಿಲ್ಲಿಸಿ ಮಾತಾಡಿಸುತ್ತಿದ್ದದ್ದು ಸರಸನಿಗೆ ಚಾಪೆಯ ಮೇಲೆ ಕೂತಲ್ಲಿಗೇ ಕೇಳುತ್ತಿತ್ತು. ರುಖಿಯಮ್ಮ ಅವಳೆದುರು ಕೂತು ಕಟ್ಟು ಕಟ್ಟುತ್ತಿದ್ದಳು.

"ಏನು ಸರಸಕ್ಕ, ಆಫೀಸಿನ ಕಡೆ ಕಾಣುವುದೇ ಇಲ್ಲ? ನಿಮ್ಮ ಬೀದಿಯ ಕೆಲಸ ನಿಮ್ಮದೇ, ಗೊತ್ತಲ್ಲ," ಎನ್ನುತ್ತಾ ನಿತ್ಯಣ್ಣ ಚೀಲ ಇಳಿಸಿ, ಯಾವಾಗಿನಂತೆ ಚಾಪೆಯ ತುದಿಗೆ ಬಂದರು. "ಚಿನ್ನಯ್ಯ ಕೆಲಸಕ್ಕೆ ಸರಿಯಾಗಿ ಹೋಗ್ತಿದ್ದಾನಂತಲ್ಲ, ಒಳ್ಳೆಯದಾಯಿತು. ಹಸಿದು ಬಂದಿದ್ದೇನೆ ಮಾರಾಯ್ತಿ. ಗಂಜಿ ಉಂಟಾ?"

"ಅಲ್ಲಿ ನೆಲ ಬೇಡ. ಮೇಲೆ ಕೂತುಕೊಳ್ಳಿ," ಎಂದು ಸರಸ ಗೋಡೆಬದಿಯ ಬೆಂಚು ತೋರಿಸಿ ಒಳಗೆ ಹೋದಳು.

ಒಲೆಯ ಮೇಲೆ ಗಂಜಿ ಇತ್ತು. ಎಲ್ಲರಿಗೂ ಸಾಕಾಗಿ ಒಬ್ಬರಿಗೆ ಮಿಗುವಷ್ಟು ಇತ್ತು. ಸರಸ ಅದರ ಮುಚ್ಚಳ ಎತ್ತಿ ನೋಡಿ ಮತ್ತೆ ಮುಚ್ಚಿದಳು. ಮಡಕೆಯೊಳಗಿಂದ ಬೆಲ್ಲದ ಉಂಡೆ ತೆಗೆದು, ಒಂದು ಚೂರು ಒಡೆದು ತಟ್ಟೆಯಲ್ಲಿ ಇಟ್ಟಳು. ಚೆಂಬನ್ನು ಹುಣಸೆಹುಳಿ ಹಾಕಿ ಬೆಳಗಿ ನೀರು ತುಂಬಿದಳು. ಎರಡನ್ನೂ ತಂದು ಬೆಂಚಿನ ಮೇಲೆ, ಅವರ ಪಕ್ಕದಲ್ಲಿ ಇಟ್ಟು, ಎರಡು ಹೆಜ್ಜೆ ಹಿಂದೆ ನಿಂತಳು.

ರುಖಿಯಮ್ಮನ ಕೈಯ ನೂಲು ನಿಂತಿತು. ನಿತ್ಯಣ್ಣ ತಟ್ಟೆಯನ್ನು ನೋಡಿದರು. ಸರಸನನ್ನು ನೋಡಿದರು. ಎದುರಿಗಿದ್ದ ರುಖಿಯಮ್ಮನನ್ನೂ ನೋಡಿದರು. ಬೆಲ್ಲವನ್ನು ಬಾಯಿಗೆ ಹಾಕಿಕೊಂಡರು. ಅದು ಕರಗುವವರೆಗೆ ಕೂತು, ಚೆಂಬು ಎತ್ತಿ ನೀರು ಕುಡಿದರು. ಈ ಸಲ ಅದಕ್ಕೆ ತುಂಬ ಹೊತ್ತು ಹಿಡಿಯಿತು.

"ಬರ್ತೇನೆ ಸರಸಕ್ಕ," ಎಂದರು.

"ಆಯಿತು," ಎಂದಳು ಸರಸ. ಆ ಮನೆಯಿಂದ ಹೊರಡುವವರಿಗೆ ಅವಳು ಯಾವಾಗಲೂ ಹೇಳುತ್ತಿದ್ದ 'ಹೋಗಿ ಬನ್ನಿ' ಬರಲಿಲ್ಲ.

ಚಿನ್ನಯ್ಯ ಮೊಣಕೈವರೆಗೆ ಆವೆ ಮಣ್ಣು ಹಚ್ಚಿಕೊಂಡು ಬಂದಾಗ ತಟ್ಟೆ, ಚೆಂಬು ಇನ್ನೂ ಬೆಂಚಿನ ಮೇಲೆಯೇ ಇದ್ದವು.

"ಯಾರು ಬಂದದ್ದು?"

"ಯಾರೋ ನೆಂಟರು," ಎಂದು ಸರಸ ಗೆರಸೆಯನ್ನು ತೊಡೆಗೆ ಎಳೆದುಕೊಂಡಳು. ರುಖಿಯಮ್ಮ ಅವಳ ಮುಖ ನೋಡಿ, ತನ್ನ ಕಟ್ಟುಗಳನ್ನು ಸೆರಗಿಗೆ ತುಂಬಿಕೊಂಡು ಎದ್ದು ಹೋದಳು.

ಚಿನ್ನಯ್ಯ ಕೈಕಾಲು ತೊಳೆದು ಬಂದು, ಮಾಡಿನಿಂದ ತೂಗುತ್ತಿದ್ದ ಕೊನೆಯ ಸೌತೆಕಾಯಿಯನ್ನು ಬಿಚ್ಚಿ ಇಳಿಸಿದ. ಪದ್ಮಾಕ್ಷಿ ಅದನ್ನು ಹೆಚ್ಚಿ, ಒಳಗಿನ ತಿರುಳನ್ನು ಹೊರಗೆ ಎಸೆಯಲು ಎದ್ದಳು. "ಇಲ್ಲಿ ಕೊಡು," ಎಂದು ಅವನು ಕೈ ಚಾಚಿದ. ತಿರುಳನ್ನು ಅಂಗೈಯಲ್ಲಿ ಹಿಸುಕಿ ಬೀಜ ಬೇರೆ ಮಾಡಿದ. ಒಲೆಯಿಂದ ಒಂದು ಹಿಡಿ ಬೂದಿ ತಂದು ಕಲಸಿದ. ಊರಿನಲ್ಲಿ ಪ್ರತಿವರ್ಷ ಬಿತ್ತನೆಗೆ ಎತ್ತಿಡುತ್ತಿದ್ದ ಹಾಗೆ, ಆ ಬಾಡಿಗೆಮನೆಯ ಗೋಡೆಯ ಎದುರು ಕುಕ್ಕುರುಗಾಲಿನಲ್ಲಿ ಕೂತು, ಒಂದೊಂದೇ ಬೀಜವನ್ನು ಅದರ ಸುಣ್ಣದ ಮೇಲೆ ಅಂಟುವಂತೆ ಇಟ್ಟು ಹೆಬ್ಬೆರಳಿನಿಂದ ಒತ್ತುತ್ತಾ ಹೋದ.